ಮನೆಯ ಚಾಕು, ಮನೆಯಲ್ಲೇ ಸಾಣೆ

(ಕಲಬುರಗಿ ನಗರದ ರೋಜಾದಲ್ಲಿ, ಮಹಿಳೆಯರ ಸಂಜೆಯ ಕಲಿಕಾ ಕೇಂದ್ರದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತು)



 

ಬರ್ರಿ, ಕೂಡ್ರಿ. ಚಾಪೆಯ ಮೇಲೆ ಇನ್ನೂ ಜಾಗ ಅದ. ಹಿಂದೆ ಕೂತವರು ಮುಂದೆ ಬರ್ರಿ.

ಹೋದ ವಾರ ನಿಮಗೆ ಒಂದು ಮಾತು ಹೇಳಿದ್ದೆ. "ಬರುವ ವಾರ ಮನೆಯ ಚಾಕು ತರಬೇಕು" ಅಂದಿದ್ದೆ. ನೀವೆಲ್ಲ ನಕ್ಕಿರಿ. "ಟೀಚರ್, ಪಾಟಿ ತರಬೇಕೋ, ಚಾಕು ತರಬೇಕೋ?" ಅಂತ ಕೇಳಿದಿರಿ. ಆದರೂ ತಂದಿದ್ದೀರಿ. ಅದೂ ಬಟ್ಟೆ ಸುತ್ತಿ ತಂದಿದ್ದೀರಿ. ಅದು ಜಾಣತನ.

ಮೊದಲು ಒಂದು ಪರೀಕ್ಷೆ ಮಾಡೋಣ. ಹೆದರಬೇಡಿರಿ. ಪರೀಕ್ಷೆ ನಿಮಗಲ್ಲ, ಚಾಕುವಿಗೆ.

ಇದು ಹಳೆಯ ಪತ್ರಿಕೆಯ ಹಾಳೆ. ಇದನ್ನು ಎಡಗೈಯಲ್ಲಿ ಎತ್ತಿ ಹಿಡಿಯಿರಿ. ಚಾಕುವನ್ನು ಹಾಳೆಯ ಅಂಚಿನ ಮೇಲೆ ಇಡಿರಿ. ಕೈಯಿಂದ ದೂರಕ್ಕೆ ಮೆಲ್ಲಗೆ ಸರಿಸಿರಿ. ಹಾಳೆ ಸರ್ರನೆ ಕೊಯ್ದರೆ ಚಾಕು ಹರಿತ. ಹಾಳೆ ಮಡಚಿಕೊಂಡರೆ ಚಾಕು ಮೊಂಡು.

ನೋಡಿದಿರಾ? 11 ಚಾಕು ಬಂದಿವೆ. ಹಾಳೆ ಕೊಯ್ದದ್ದು 2 ಮಾತ್ರ.

"ಟೀಚರ್, ಮೊಂಡ ಇದ್ರೇ ಛಲೋರಿ. ಮಕ್ಕಳ ಕೈಗೆ ಹತ್ತೂದಿಲ್ಲ" ಅಂತ ಒಬ್ಬ ಅಕ್ಕ ಅಂದರು. ಈ ಮಾತನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಇದು ನಿಜವೇ? ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಮೇಲೆ ನೀವೇ ಹೇಳಿರಿ.

ನಮ್ಮವ್ವನ ಕೈ

ನಾನು ಈಗ ಇರುವುದು ರೋಜಾದಲ್ಲಿ. ಹುಟ್ಟಿದ್ದು ಕಮಲಾಪುರದ ಕಡೆಯ ಒಂದು ಹಳ್ಳಿಯಲ್ಲಿ. ನಮ್ಮಪ್ಪ ಬಡಗಿ ಕೆಲಸ ಮಾಡುತ್ತಿದ್ದ. ಬಾಗಿಲು, ಕಿಟಕಿ, ಕುಂಟೆ, ಕೂರಿಗೆ ಮಾಡುತ್ತಿದ್ದ. ಊರಲ್ಲಿ ಕೆಲಸ ಕಡಿಮೆ ಆಯಿತು. ಅಪ್ಪ ಪುಣೆಗೆ ದುಡಿಯಲು ಹೋದ. ವರ್ಷಕ್ಕೆ ಎರಡು ಸಲ ಬರುತ್ತಿದ್ದ.

ಅವ್ವ ಕೂಲಿಗೆ ಹೋಗುತ್ತಿದ್ದಳು. ನಮ್ಮ ಕಡೆ ತೊಗರಿ ಬಹಳ. ನಿಮಗೆ ಗೊತ್ತೇ ಅದ. ತೊಗರಿ ಕೊಯ್ಲು ಬಂತೆಂದರೆ ಹೆಣ್ಣುಮಕ್ಕಳಿಗೆ ಕೈತುಂಬ ಕೆಲಸ. ಒಂದು ದಿನ ತಪ್ಪಿದರೂ ಒಂದು ದಿನದ ಕೂಲಿ ಹೋಯಿತು.

ಅವ್ವನ ಕುಡಗೋಲು ಮೊಂಡಾಗಿತ್ತು. ತೊಗರಿಯ ಕಾಂಡ ಗಟ್ಟಿ. ಒಣಗಿದ ಮೇಲೆ ಕಟ್ಟಿಗೆಯೇ ಆಗುತ್ತದೆ. ಮೊಂಡು ಕುಡಗೋಲು ಅದನ್ನು ಕೊಯ್ಯಲಿಲ್ಲ. ಅವ್ವ ಬಲ ಹಾಕಿ ಜಗ್ಗಿದಳು. ಕುಡಗೋಲು ಕಾಂಡದ ಮೇಲೆ ಜಾರಿತು. ಎಡಗೈಯ ಹೆಬ್ಬೆರಳ ಬುಡಕ್ಕೆ ಬಂದು ಬಡಿಯಿತು.

ಗಾಯ ಮಾಯಲು ಮೂರು ವಾರ ಹಿಡಿಯಿತು. ಆ ಮೂರು ವಾರ ಕೂಲಿ ಇಲ್ಲ. ಆ ವರ್ಷದ ಕೊಯ್ಲು ಅಷ್ಟಕ್ಕೇ ಮುಗಿಯಿತು. ನಾನು ಆಗ ಮೂರನೆಯ ಇಯತ್ತೆ. ಬುತ್ತಿ ಇಲ್ಲದೆ ಶಾಲೆಗೆ ಹೋದ ದಿನಗಳು ನನಗೆ ನೆನಪಿವೆ.

ಈಗ ಒಂದು ಮಾತು ಕೇಳಿರಿ. ನಮ್ಮ ಮನೆಯ ಗೋಡೆಯ ಗೂಡಿನಲ್ಲಿ ಅಪ್ಪನ ಸಾಣೆ ಕಲ್ಲು ಇತ್ತು! ಇಡೀ ವರ್ಷ ಅಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. "ಅವರು ಬರಲಿ, ಸಾಣೆ ಹಿಡಿದು ಕೊಡ್ತಾರ" ಅಂತ ಅವ್ವ ಕಾದಿದ್ದಳು. ಹೆಣ್ಣುಮಕ್ಕಳು ಗಂಡಸರ ಹತ್ಯಾರ ಮುಟ್ಟಬಾರದು ಅಂತ ಯಾರೋ ಹೇಳಿದ್ದರು. ಅವ್ವ ನಂಬಿದ್ದಳು.

ನಮ್ಮ ಓಣಿಯಲ್ಲಿ ಕಮ್ಮಾರರ ಮನೆಯ ಒಬ್ಬ ಅಜ್ಜಿ ಇದ್ದಳು. ಅವಳು ಅವ್ವನ ಕೈ ನೋಡಲು ಬಂದಳು. ಕುಡಗೋಲು ಎತ್ತಿ ನೋಡಿದಳು. "ಏ ತಂಗಿ, ಇದು ನಿನ್ನ ಕೈ ಕೊಯ್ದಿಲ್ಲ. ಇದಕ್ಕ ಕೊಯ್ಯಾಕ ಬರೂದಿಲ್ಲ, ಅದಕ್ಕ ನಿನ್ನ ಕೈಗೆ ಬಂದದ. ಕಲ್ಲು ಎಲ್ಲಿಟ್ಟೀದಿ? ತಗೊಂಬಾ" ಅಂದಳು.

ಅಂದು ಆ ಅಜ್ಜಿ ನಮ್ಮವ್ವನಿಗೆ ಕಲಿಸಿದಳು. ಅವ್ವ ನನಗೆ ಕಲಿಸಿದಳು. ಇಂದು ನಾನು ನಿಮಗೆ ಹೇಳುತ್ತೇನೆ.

ಮೊಂಡು ಏಕೆ ಕೈ ಕೊಯ್ಯುತ್ತದೆ?

ಎರಡೂ ಕೈ ಎತ್ತಿರಿ. ನಮಸ್ಕಾರ ಮಾಡುವಂತೆ ಬೆರಳ ತುದಿ ಜೋಡಿಸಿರಿ. ಅಂಗೈ ಕೆಳಗೆ ಸ್ವಲ್ಪ ಅಗಲ ಮಾಡಿರಿ. ಬೆರಳ ತುದಿಗಳು ಕೂಡಿದ ಕಡೆ ಒಂದು ಗೆರೆ ಆಯಿತು, ಅಲ್ಲವೇ? ಚಾಕುವಿನ ಎರಡು ಮುಖ ಹೀಗೆಯೇ ಕೂಡುತ್ತವೆ. ಅವು ಕೂಡುವ ಗೆರೆಯೇ ಧಾರೆ.

ಗೆರೆ ತೆಳ್ಳಗೆ ಇದ್ದರೆ ಹರಿತ. ಕೊಯ್ದು ಕೊಯ್ದು ಗೆರೆ ಸವೆಯುತ್ತದೆ. ದುಂಡಗೆ ಆಗುತ್ತದೆ. ಕೆಲವು ಕಡೆ ಒಂದು ಬದಿಗೆ ಮಡಚುತ್ತದೆ. ಎಲುಬಿಗೆ, ಕಲ್ಲಿಗೆ ಬಡಿದರೆ ಚಕ್ಕೆ ಹಾರುತ್ತದೆ. ಆಗ ಅದು ಮೊಂಡು.

ಮೊಂಡು ಚಾಕುವಿಗೆ ಬಲ ಹಾಕಬೇಕು. ಬಲ ಹಾಕಿದಾಗ ಅದು ಜಾರುತ್ತದೆ. ಬಲದಿಂದ ಹೋದ ಕೈಯನ್ನು ತಡೆಯಲು ಆಗುವುದಿಲ್ಲ. ಹರಿತ ಚಾಕುವಿಗೆ ಬಲ ಬೇಡ. ಬಲ ಇಲ್ಲದ ಕೈ ನಮ್ಮ ಮಾತು ಕೇಳುತ್ತದೆ.

ಇನ್ನೊಂದು ಮಾತು. ಉಳ್ಳಾಗಡ್ಡಿ ಕೊಯ್ಯುವಾಗ ಕಣ್ಣೀರು ಬರುತ್ತದೆ. ಮೊಂಡು ಚಾಕು ಉಳ್ಳಾಗಡ್ಡಿಯನ್ನು ಜಜ್ಜುತ್ತದೆ. ಜಜ್ಜಿದಷ್ಟೂ ಕಣ್ಣು ಉರಿಸುವ ಆವಿ ಹೆಚ್ಚು ಬರುತ್ತದೆ. ಹರಿತ ಚಾಕುವಿನಲ್ಲಿ ಕೊಯ್ದರೆ ಕಣ್ಣೀರು ಕಡಿಮೆ.

ಹಾಗಾದರೆ ಮಕ್ಕಳು? ಮಕ್ಕಳ ಕೈಗೆ ಮೊಂಡು ಚಾಕುವೂ ಸಿಗಬಾರದು, ಹರಿತ ಚಾಕುವೂ ಸಿಗಬಾರದು. ದಪ್ಪ ರಟ್ಟು ಮಡಚಿ, ದಾರದಿಂದ ಹೊಲಿದು ಒಂದು ಒರೆ ಮಾಡಿರಿ. ಚಾಕುವನ್ನು ಒರೆಯಲ್ಲಿ ಹಾಕಿರಿ. ಎತ್ತರದಲ್ಲಿ ಇಡಿರಿ. ಮಕ್ಕಳಿಗೆ ಕಾವಲು ಮೊಂಡುತನ ಅಲ್ಲ. ನಮ್ಮ ಎಚ್ಚರವೇ ಕಾವಲು.

ಯಾವ ಕಲ್ಲು ಬೇಕು?

"ನಮ್ಮ ಮನಿ ಪಾವಟಿಗಿಗೆ ತಿಕ್ಕತೀವಲ್ರಿ" ಅಂತ ನೀವು ಹೇಳಬಹುದು. ನಮ್ಮ ಜಿಲ್ಲೆಯ ಮನೆಗಳಲ್ಲಿ ನೆಲಕ್ಕೂ ಪಾವಟಿಗೆಗೂ ಶಹಾಬಾದ ಕಲ್ಲು. ಒಳ್ಳೆಯ ಕಲ್ಲು. ಆದರೆ ಅದು ಸುಣ್ಣದ ಕಲ್ಲಿನ ಜಾತಿ. ಮೆತ್ತನೆಯದು. ಚಾಕು ತಿಕ್ಕಿದರೆ ಚಾಕುವಿಗಿಂತ ಕಲ್ಲೇ ಹೆಚ್ಚು ಸವೆಯುತ್ತದೆ. ನಿಮ್ಮ ಪಾವಟಿಗೆಯಲ್ಲಿ ಗೀರು ಬಿದ್ದಿದ್ದರೆ ಹೋಗಿ ನೋಡಿರಿ. ಧಾರೆ ಬಂದಂತೆ ಕಾಣುತ್ತದೆ. ಎರಡು ದಿನಕ್ಕೆ ಹೋಗುತ್ತದೆ.

1812ರಲ್ಲಿ ಜರ್ಮನಿಯ ಮೋಸ್ ಎಂಬ ವಿಜ್ಞಾನಿ ಕಲ್ಲುಗಳ ಗಟ್ಟಿತನಕ್ಕೆ ಅಂಕ ಕೊಟ್ಟ. 1ರಿಂದ 10ರ ವರೆಗೆ ಅಂಕ. ಹೆಚ್ಚು ಅಂಕದ್ದು ಕಡಿಮೆ ಅಂಕದ್ದನ್ನು ಗೀರುತ್ತದೆ. ಹಲಗೆಯ ಮೇಲೆ ಬರೆದಿದ್ದೇನೆ. ಕೂಡಿ ಓದೋಣ.

ಸುಣ್ಣದ ಕಲ್ಲು – 3
ಚಾಕುವಿನ ಉಕ್ಕು – ಸುಮಾರು 5ರಿಂದ 6
ಬಿಳಿ ಮರಳಿನ ಕಾಳು – 7
ಕುರುಂದದ ಕಲ್ಲು – 9
ವಜ್ರ – 10

ತಿಳಿಯಿತೇ? 3 ಅಂಕದ ಕಲ್ಲು 6 ಅಂಕದ ಉಕ್ಕನ್ನು ಹೇಗೆ ತೇಯಬೇಕು? ಉಕ್ಕಿಗಿಂತ ಗಟ್ಟಿ ಕಲ್ಲು ಬೇಕು. ಮರಳಿನ ಕಾಳು ಕೂಡಿ ಆದ ಮರಳುಗಲ್ಲು ಆಗುತ್ತದೆ. ಕುರುಂದ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಕಪ್ಪು ಬೂದು ಬಣ್ಣದ ಕಾರ್ಬೊರಂಡಂ ಕಲ್ಲು ಆಗುತ್ತದೆ. ಈ ಕಾರ್ಬೊರಂಡಂ ನೆಲದಿಂದ ಅಗೆದದ್ದಲ್ಲ. 1891ರಲ್ಲಿ ಅಮೆರಿಕದ ಆಚೆಸನ್ ಎಂಬವನು ಇದನ್ನು ಕುಲುಮೆಯಲ್ಲಿ ಮಾಡಿದ. ಇದರ ಗಟ್ಟಿತನ 9ಕ್ಕಿಂತ ಹೆಚ್ಚು, ವಜ್ರಕ್ಕಿಂತ ಕಡಿಮೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಲ್ಲು ಕೇಳಿರಿ. ಒಂದು ಮುಖ ಒರಟು. ಇನ್ನೊಂದು ಮುಖ ನುಣುಪು. ಡಬ್ಬಿಯ ಮೇಲೆ ಅಥವಾ ಕಲ್ಲಿನ ಮೇಲೆ ಅಂಕಿ ಇದ್ದರೆ ಓದಿರಿ. ಅಂಕಿ ಸಣ್ಣದಾದರೆ ಕಲ್ಲು ಒರಟು. ಅಂಕಿ ದೊಡ್ಡದಾದರೆ ಕಲ್ಲು ನುಣುಪು. ಇದೇನು ತಲೆಕೆಳಗು ಲೆಕ್ಕ ಅನ್ನುತ್ತೀರಾ? ಜರಡಿ ನೆನೆಯಿರಿ. ಒಂದು ಅಂಗುಲದಲ್ಲಿ ತೂತು ಕಡಿಮೆ ಇದ್ದರೆ ನುಚ್ಚು ಬೀಳುತ್ತದೆ. ತೂತು ಹೆಚ್ಚು ಇದ್ದರೆ ಸಣ್ಣ ಹಿಟ್ಟು ಬೀಳುತ್ತದೆ. ಕಲ್ಲಿನ ಅಂಕಿಯೂ ಹಾಗೆಯೇ. 120 ಅಂದರೆ ನುಚ್ಚು. 240 ಅಂದರೆ ಹಿಟ್ಟು. 1000 ಅಂದರೆ ಮೈದಾ.

ನಮ್ಮ ಕೇಂದ್ರದ ಒಬ್ಬ ತಂಗಿ ಹೋದ ತಿಂಗಳು ಕಲ್ಲು ತರಲು ಹೋಗಿದ್ದಳು. ಅಂಗಡಿಯವ ಒಂದು ಕಲ್ಲು ಕೊಟ್ಟ. ಅವಳು ಅದನ್ನು ತಿರುಗಿಸಿ ಓದಿದಳು. "ಅಣ್ಣಾ, ಇದು 120 ಒಂದೇ ಅದ. ನನಗ ನುಣುಪು ಮುಖಾನೂ ಇರೋದು ಬೇಕು" ಅಂದಳು. ಅಂಗಡಿಯವ ಸುಮ್ಮನೆ ಬೇರೆ ಕಲ್ಲು ತೆಗೆದು ಕೊಟ್ಟ. ಮೂರು ಅಂಕಿ ಓದಿದ್ದಕ್ಕೆ ಅವಳ ದುಡ್ಡು ಉಳಿಯಿತು.

ಕಲ್ಲು ಕೊಳ್ಳಲು ಈಗ ದುಡ್ಡು ಇಲ್ಲವೇ? ಪಿಂಗಾಣಿ ಕಪ್ಪು ಅಥವಾ ಬಟ್ಟಲು ಬೋರಲು ಹಾಕಿರಿ. ತಳದಲ್ಲಿ ಹೊಳಪು ಇಲ್ಲದ ಒಂದು ಒರಟು ಬಳೆ ಇರುತ್ತದೆ. ಅದೂ ಉಕ್ಕಿಗಿಂತ ಗಟ್ಟಿ. ಸಣ್ಣ ಚಾಕುವಿಗೆ ಅದು ಸಾಕು.

ಸಾಣೆ ಹಿಡಿಯುವ ಬಗೆ

ಈಗ ಮಾಡಿ ತೋರಿಸುತ್ತೇನೆ. ಕಣ್ಣು ಇಲ್ಲಿ ಇರಲಿ.

1. ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆ ಹಾಕಿರಿ. ಗುಳ್ಳೆ ನಿಂತ ಮೇಲೆ ತೆಗೆಯಿರಿ.

2. ಒದ್ದೆ ಬಟ್ಟೆ ಮಡಚಿ ಹಾಸಿರಿ. ಅದರ ಮೇಲೆ ಕಲ್ಲು ಇಡಿರಿ. ಕಲ್ಲು ಅಲುಗಬಾರದು. ಕಲ್ಲು ಜಾರಿದರೆ ಕೈ ಜಾರುತ್ತದೆ.

3. ಚಾಕುವನ್ನು ಕಲ್ಲಿನ ಮೇಲೆ ಮಲಗಿಸಿರಿ. ಧಾರೆ ನಿಮ್ಮಿಂದ ಆಚೆ ಇರಲಿ. ಬೆನ್ನು ನಿಮ್ಮ ಕಡೆ ಇರಲಿ.

4. ಬೆನ್ನನ್ನು ಸ್ವಲ್ಪ ಎತ್ತಿರಿ. ಎಷ್ಟು ಎತ್ತಬೇಕು? ಅಲಗು ಒಂದು ಅಂಗುಲ ಅಗಲ ಇದ್ದರೆ, ಬೆನ್ನಿನ ಕೆಳಗೆ ಕಿರುಬೆರಳ ತುದಿ ತೂರುವಷ್ಟು. ಅಳತೆ ನೋಡಿ ಬೆರಳು ತೆಗೆಯಿರಿ.

ಇನ್ನೊಂದು ಅಳತೆಯೂ ಅದ. ಕಾಗದದ ಚೌಕ ಮೂಲೆ ತಗೊಳ್ಳಿರಿ. ಅರ್ಧ ಮಡಚಿರಿ. ಮತ್ತೆ ಅರ್ಧ ಮಡಚಿರಿ. ಆ ಚೂಪು ಮೂಲೆಯಷ್ಟೇ ಓರೆ. ಅದಕ್ಕಿಂತ ಕೂದಲಷ್ಟು ಕಡಿಮೆ ಇದ್ದರೂ ಸರಿ. ಅದಕ್ಕಿಂತ ಹೆಚ್ಚು ಬೇಡ.

5. ಎಡಗೈಯ ಎರಡು ಬೆರಳು ಅಲಗಿನ ಮೇಲೆ ಇಡಿರಿ. ಬೆರಳು ಧಾರೆಯ ಆಚೆ ಹೋಗಬಾರದು.

6. ಚಾಕುವನ್ನು ನಿಮ್ಮ ಕಡೆ ಎಳೆಯಿರಿ. ಬೆನ್ನು ಮುಂದೆ ಬರಲಿ, ಧಾರೆ ಹಿಂದೆ ಬರಲಿ. ಹಿಡಿಯ ಬುಡದಿಂದ ತುದಿಯ ವರೆಗೆ ಎಲ್ಲಾ ಕಡೆ ಕಲ್ಲು ತಾಗಬೇಕು. ಓರೆ ಬದಲಾಗಬಾರದು. ಹತ್ತು ಸಲ ಎಳೆಯಿರಿ.

7. ಈಗ ಇನ್ನೊಂದು ಬದಿಯನ್ನು ಬೆರಳಿನಿಂದ ನೋಡಿರಿ. ಬೆನ್ನಿನ ಕಡೆಯಿಂದ ಧಾರೆಯ ಕಡೆಗೆ ಹೆಬ್ಬೆರಳು ಮೆಲ್ಲಗೆ ಸರಿಸಿರಿ. ಧಾರೆಯ ಉದ್ದಕ್ಕೆ ಎಂದಿಗೂ ಬೆರಳು ಎಳೆಯಬೇಡಿರಿ. ತುದಿಯಲ್ಲಿ ಗರಗರ ಅಂತ ಏನೋ ತಾಗುತ್ತದೆಯೇ? ಅದು ಮಡಚಿದ ತೆಳು ಉಕ್ಕು. ಅದು ಬಂದರೆ ಆ ಬದಿಯ ಕೆಲಸ ಆಯಿತು. ಬರದಿದ್ದರೆ ಮತ್ತೆ ಹತ್ತು ಸಲ.

8. ಚಾಕು ಮಗುಚಿರಿ. ಈಗ ಧಾರೆ ನಿಮ್ಮ ಕಡೆ, ಬೆನ್ನು ಆಚೆ. ಅದೇ ಓರೆಯಲ್ಲಿ ಆಚೆಗೆ ನೂಕಿರಿ. ಈಗಲೂ ಬೆನ್ನೇ ಮುಂದೆ. ಮೊದಲು ಎಷ್ಟು ಸಲವೋ ಈಗಲೂ ಅಷ್ಟೇ ಸಲ.

9. ಕಲ್ಲಿನ ನುಣುಪು ಮುಖ ಮೇಲೆ ಮಾಡಿರಿ. ಎರಡೂ ಬದಿ ಮತ್ತೆ ಮಾಡಿರಿ. ಈಗ ಭಾರ ಬೇಡ. ಕೊನೆಗೆ ಈ ಬದಿ ಒಂದು ಸಲ, ಆ ಬದಿ ಒಂದು ಸಲ. ಹೂವು ಸವರಿದಂತೆ. ಗರಗರ ಹೋಗುವ ವರೆಗೆ.

10. ಹಳೆಯ ತೊಗಲಿನ ಪಟ್ಟಿ ಇದ್ದರೆ ಅದರ ಮೇಲೆ ನಾಲ್ಕು ಸಲ ಎಳೆಯಿರಿ. ಬೆನ್ನೇ ಮುಂದೆ. ಕ್ಷೌರದ ಅಂಗಡಿಯಲ್ಲಿ ಕತ್ತಿಯನ್ನು ಪಟ್ಟಿಗೆ ಎಳೆಯುವುದು ಇದಕ್ಕೇ.

ಆಮೇಲೆ ಚಾಕುವನ್ನು ಸಾಬೂನು ಹಾಕಿ ತೊಳೆಯಿರಿ. ಕಲ್ಲಿನ ಪುಡಿ, ಉಕ್ಕಿನ ಪುಡಿ ಪಲ್ಲೆಯಲ್ಲಿ ಸೇರಬಾರದು. ಒರೆಸಿ ಒಣಗಿಸಿರಿ. ಈಗ ಮತ್ತೆ ಹಾಳೆ ಕೊಯ್ದು ನೋಡಿರಿ.

"ಓರಿ ಸರಿ ಅದನೋ ಇಲ್ಲೋ ಹ್ಯಾಂಗ ಗೊತ್ತಾಗ್ತದ್ರಿ?" ಒಳ್ಳೆಯ ಪ್ರಶ್ನೆ. ಮಕ್ಕಳ ಸ್ಕೆಚ್ ಪೆನ್ನಿನಿಂದ ಧಾರೆಯ ಅಂಚಿಗೆ ಬಣ್ಣ ಹಚ್ಚಿರಿ. ಒಂದು ಸಲ ಎಳೆದು ನೋಡಿರಿ. ತುದಿಯ ತನಕ ಬಣ್ಣ ಹೋಗಿದ್ದರೆ ಓರೆ ಸರಿ. ತುದಿಯಲ್ಲಿ ಬಣ್ಣ ಉಳಿದು, ಮೇಲೆ ಮಾತ್ರ ಹೋಗಿದ್ದರೆ ಬೆನ್ನು ಇನ್ನೂ ಸ್ವಲ್ಪ ಎತ್ತಬೇಕು.

ಮೊದಲ ಸಲ ಸರಿಯಾಗಿ ಬರುವುದಿಲ್ಲ. ಮೊದಲ ದಿನ ನೀವು ಬರೆದ 'ಅ' ಹೇಗಿತ್ತು? ನಾಲ್ಕನೆಯ ದಿನ ಹೇಗಿತ್ತು? ಕೈ ಕಲಿಯಲು ಹೊತ್ತು ಬೇಕು.

ಈಳಿಗೆ, ಕುಡಗೋಲು, ಕತ್ತರಿ

ಈಳಿಗೆಯ ಅಲಗು ಮಣೆಗೆ ಕೂಡಿರುತ್ತದೆ. ಅದನ್ನು ಕಲ್ಲಿಗೆ ಒಯ್ಯಲು ಆಗುವುದಿಲ್ಲ. ಕಲ್ಲನ್ನೇ ಅಲಗಿನ ಹತ್ತಿರ ತರಬೇಕು. ಸಣ್ಣ ಕಲ್ಲು ಬೇಕು. ಮಣೆಯನ್ನು ಕಾಲಲ್ಲಿ ಗಟ್ಟಿಯಾಗಿ ಒತ್ತಿರಿ. ಕಲ್ಲನ್ನು ಧಾರೆಯಿಂದ ಬೆನ್ನಿನ ಕಡೆಗೆ ಮಾತ್ರ ಸವರಿರಿ. ಬೆನ್ನಿನಿಂದ ಧಾರೆಯ ಕಡೆಗೆ ಬೇಡ. ಆಗ ಕೈ ಜಾರಿದರೂ ಧಾರೆಯಿಂದ ದೂರವೇ ಹೋಗುತ್ತದೆ. ಬೆರಳು ಕಲ್ಲಿನ ಅಂಚಿನಿಂದ ಹೊರಗೆ ಬರಬಾರದು.

ಕುಡಗೋಲಿಗೂ ಹೀಗೆಯೇ. ಹಿಡಿಯನ್ನು ಎಡಗೈಯಲ್ಲಿ ಹಿಡಿದು, ತುದಿಯನ್ನು ಒಂದು ಕಟ್ಟಿಗೆಗೆ ಆನಿಸಿರಿ. ಬಾಗಿದ ಅಲಗಿನ ಗುಂಟ ಕಲ್ಲು ಸಾಗಲಿ. ಹೊಲಕ್ಕೆ ಹೋಗುವಾಗ ಸಣ್ಣ ಕಲ್ಲು ಬುತ್ತಿಯ ಜೊತೆ ಇರಲಿ. ಮಧ್ಯಾಹ್ನ ಉಂಡ ಮೇಲೆ ಎರಡು ನಿಮಿಷ ಸಾಕು.

ಹಲ್ಲಿನ ಕುಡಗೋಲಿಗೆ ಚಪ್ಪಟೆ ಕಲ್ಲು ಬೇಡ. ಹಲ್ಲು ಸವೆದು ಹೋಗುತ್ತವೆ. ಅದಕ್ಕೆ ಮೂರು ಮೂಲೆಯ ಅರ ಬೇಕು. ಕಮ್ಮಾರರ ಹತ್ತಿರ ಕೊಡುವುದೇ ಒಳ್ಳೆಯದು.

ರೋಜಾದಲ್ಲಿ ನೀವು ಬಹಳ ಜನ ಮನೆಯಲ್ಲಿ ಹೊಲಿಗೆ ಮಾಡುತ್ತೀರಿ. ಕತ್ತರಿಯ ಎರಡು ಅಲಗು ಒಂದಕ್ಕೊಂದು ತಿಕ್ಕುವ ಒಳ ಮುಖವನ್ನು ಓರೆಯಾಗಿ ತೇಯಬೇಡಿರಿ. ತೇಯ್ದರೆ ಬಟ್ಟೆ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗಿನ ಓರೆಯನ್ನು ಮಾತ್ರ, ಮೊದಲು ಇದ್ದ ಓರೆಯಲ್ಲೇ ತೇಯಿರಿ. ಧೈರ್ಯ ಬರದಿದ್ದರೆ ಸಾಣೆಯವರಿಗೆ ಕೊಡಿರಿ.

ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಬರುವವರು ನಮ್ಮ ಅಣ್ಣ ತಮ್ಮಂದಿರೇ. ಬಕ್ರೀದ್ ಹತ್ತಿರ ಬಂದರೆ ಅವರಿಗೆ ಪುರುಸೊತ್ತು ಇರುವುದಿಲ್ಲ. ಚಕ್ಕೆ ಹಾರಿದ ಕತ್ತಿ, ಕತ್ತರಿ ಅವರಿಗೇ ಇರಲಿ. ಆದರೆ ಒಂದು ನೋಡಿಕೊಳ್ಳಿರಿ. ಚಕ್ರಕ್ಕೆ ಬಹಳ ಹೊತ್ತು ಒತ್ತಿದರೆ ಕಿಡಿ ಹಾರುತ್ತದೆ. ಅಲಗು ಕಾಯುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಆ ಉಕ್ಕು ಮೆತ್ತಗಾಯಿತು ಅಂತ ಅರ್ಥ. ಆಮೇಲೆ ಧಾರೆ ನಿಲ್ಲುವುದಿಲ್ಲ. "ಅಣ್ಣಾ, ನಡುನಡುವೆ ನೀರಲ್ಲಿ ಅದ್ದಿರಿ" ಅಂತ ಹೇಳಿರಿ. ದುಡ್ಡು ಕೊಡುವವರು ಕೇಳಬಹುದು.

ಅಪ್ಪನ ಉಳಿ

ಈಗ ನನ್ನ ಚೀಲದಲ್ಲಿ ಇರುವುದನ್ನು ತೆಗೆಯುತ್ತೇನೆ. ಇದು ಉಳಿ. ನಮ್ಮಪ್ಪನದು.

ನಾನು ಪಿ.ಯು.ಸಿ. ಓದುವಾಗ ಅಪ್ಪ ತೀರಿಕೊಂಡ. ಅವನ ಹತ್ಯಾರ ಒಂದು ಗೋಣಿ ಚೀಲದಲ್ಲಿ ಇದ್ದವು. ಉಳಿಗಳು, ಬಾಚಿ, ರಂದಾ, ಕೊಡಲಿ. ಎಲ್ಲಕ್ಕೂ ಜಂಗು ಹತ್ತಿತ್ತು. ಗುಜರಿಯವ ಬಂದ. ತಕ್ಕಡಿ ತೆಗೆದ. "ಹಳೇ ಕಬ್ಬಿಣ ಅದವ್ವಾ, ಕಿಲೋ ಲೆಕ್ಕದಾಗ ತಗೋತೀನಿ" ಅಂದ. ಮನೆಯವರೆಲ್ಲ "ಕೊಟ್ಟು ಬಿಡು" ಅಂದರು.

ಅವ್ವ ಕೊಡಲಿಲ್ಲ. "ಇದು ಕಬ್ಬಿಣ ಅಲ್ಲ, ಹತ್ಯಾರ" ಅಂದಳು.

ಆ ರಾತ್ರಿಯಿಂದ ನಾವಿಬ್ಬರೂ ಕೂತೆವು. ಇಟ್ಟಿಗೆ ಪುಡಿ, ಎಣ್ಣೆ ಹಾಕಿ ಜಂಗು ತಿಕ್ಕಿದೆವು. ಆಮೇಲೆ ಸಾಣೆ.

ಉಳಿಗೆ ಸಾಣೆ ಹಿಡಿಯುವುದು ಚಾಕುವಿನಂತೆ ಅಲ್ಲ. ನೋಡಿರಿ, ಇದರ ಒಂದೇ ಮುಖ ಓರೆ. ಇನ್ನೊಂದು ಮುಖ ಚಪ್ಪಟೆ. ಓರೆ ಮುಖವನ್ನು ಕಲ್ಲಿನ ಮೇಲೆ ಇಟ್ಟು ಅಲುಗಿಸಿ ನೋಡಿದರೆ ಅದು ತಾನೇ ಕೂಡುತ್ತದೆ. ಆ ಓರೆಯನ್ನು ಹಿಡಿದು ಹಿಂದೆ ಮುಂದೆ ಸರಿಸಬೇಕು. ಕೈ ತೂಗಾಡಬಾರದು. ತೂಗಾಡಿದರೆ ಓರೆ ದುಂಡಗಾಗುತ್ತದೆ. ಕಲ್ಲಿನ ನಡುವೆ ಮಾತ್ರ ತೇಯಬಾರದು. ಎಲ್ಲಾ ಕಡೆ ತೇಯಬೇಕು.

ಚಪ್ಪಟೆ ಮುಖದಲ್ಲಿ ಗರಗರ ಬಂದ ಮೇಲೆ, ಆ ಮುಖವನ್ನು ಕಲ್ಲಿನ ಮೇಲೆ ಪೂರಾ ಮಲಗಿಸಿ ಎರಡು ಸಲ ಎಳೆಯಬೇಕು. ಚಪ್ಪಟೆ ಮುಖವನ್ನು ಎಂದಿಗೂ ಎತ್ತಬಾರದು. ಒಂದು ಸಲ ಎತ್ತಿ ತೇಯ್ದರೆ ಆ ಉಳಿ ನೆಟ್ಟಗೆ ಕೊಯ್ಯುವುದಿಲ್ಲ. ರಂದಾದ ಅಲಗಿಗೂ ಇದೇ ಬಗೆ. ಬಾಚಿಗೆ ಒಳಗಿನ ಬದಿಯಲ್ಲಿ ಓರೆ ಇರುತ್ತದೆ. ಆ ಓರೆಯನ್ನೇ ತೇಯಬೇಕು. ಕೊಡಲಿಗೆ ಎರಡೂ ಬದಿ ಓರೆ. ಆದರೆ ಕೊಡಲಿಯ ಧಾರೆ ಬಹಳ ತೆಳ್ಳಗೆ ಬೇಡ. ಕಟ್ಟಿಗೆಗೆ ಬಡಿದಾಗ ಚಕ್ಕೆ ಹಾರುತ್ತದೆ.

ಹತ್ತು ದಿನ ಆಯಿತು. ಪಕ್ಕದ ಊರಿನ ಒಬ್ಬ ಬಡಗಿ ಬಂದ. ಉಳಿ ಎತ್ತಿ ಒಂದು ಕಟ್ಟಿಗೆಯ ತುಂಡಿನ ಮೇಲೆ ಓಡಿಸಿದ. ಸುರುಳಿ ಸುರುಳಿ ಸಿಪ್ಪೆ ಎದ್ದಿತು. "ಯಾರು ಹಿಡಿದಾರ ಸಾಣಿ?" ಅಂದ. ಅವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, "ನಾವೇ" ಅಂದಳು.

ಅವನು ಎಲ್ಲಾ ಹತ್ಯಾರ ಕೊಂಡ. ಕಿಲೋ ಲೆಕ್ಕದಲ್ಲಿ ಅಲ್ಲ, ಒಂದೊಂದಕ್ಕೆ ಒಂದೊಂದು ಬೆಲೆ ಕೊಟ್ಟು ಕೊಂಡ. ಆ ದುಡ್ಡಿನಲ್ಲಿ ನನ್ನ ಡಿ.ಎಡ್. ಶಿಕ್ಷಣದ ಮೊದಲ ಕಂತು ಕಟ್ಟಿದೆವು. ಈ ಒಂದು ಉಳಿಯನ್ನು ಮಾತ್ರ ಅವ್ವ ಇಟ್ಟುಕೊಂಡಳು. ಇಂದು ನಾನು ನಿಮ್ಮ ಮುಂದೆ ಟೀಚರ್ ಆಗಿ ನಿಂತಿದ್ದೇನೆ. ಅದರಲ್ಲಿ ಆ ಸಾಣೆ ಕಲ್ಲಿನ ಪಾಲೂ ಅದ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಗೋಣಿ ಚೀಲ ಮೂಲೆಯಲ್ಲಿ ಇದೆಯೇ? ಇದ್ದರೆ ಗುಜರಿಗೆ ಕೊಡುವ ಮೊದಲು ಒಂದು ಸಲ ಬಿಚ್ಚಿ ನೋಡಿರಿ.

ಜೋಪಾನ ಮಾಡುವುದು

ಕಲ್ಲಿಗೆ ನೀರು ಹಾಕಿದರೆ ಯಾವಾಗಲೂ ನೀರೇ ಹಾಕಿರಿ. ಎಣ್ಣೆ ಹಾಕಿದ ಕಲ್ಲು ನೀರು ಹೀರುವುದಿಲ್ಲ. ಅಡುಗೆಯ ಎಣ್ಣೆ ಕಲ್ಲಿಗೆ ಬೇಡ. ಅದು ಅಂಟಾಗಿ ಕಲ್ಲಿನ ಬಾಯಿ ಮುಚ್ಚುತ್ತದೆ. ಅಡುಗೆ ಮನೆಗೆ ನೀರೇ ಸಾಕು.

ತೇಯ್ದು ತೇಯ್ದು ಕಲ್ಲಿನ ನಡುವೆ ತಗ್ಗು ಬೀಳುತ್ತದೆ. ಆಗ ಏನು ಮಾಡಬೇಕು? ಈಗ ನಮ್ಮ ಶಹಾಬಾದ ಕಲ್ಲಿಗೆ ಕೆಲಸ ಬಂತು. ಸಮ ಇರುವ ಒಂದು ಫರಸಿ ತುಂಡಿನ ಮೇಲೆ ಮರಳು, ನೀರು ಹಾಕಿರಿ. ಸಾಣೆ ಕಲ್ಲನ್ನು ಬೋರಲು ಹಾಕಿ ದುಂಡಗೆ ತಿಕ್ಕಿರಿ. ತಗ್ಗು ಹೋಗಿ ಕಲ್ಲು ಸಮ ಆಗುತ್ತದೆ.

ಚಾಕುವಿನಲ್ಲಿ ಸ್ಟೀಲ್ ತಾಟಿನ ಮೇಲೆ, ಕಲ್ಲಿನ ಕಟ್ಟೆಯ ಮೇಲೆ ಕೊಯ್ಯಬೇಡಿರಿ. ಕಟ್ಟಿಗೆಯ ಹಲಗೆಯ ಮೇಲೆ ಕೊಯ್ಯಿರಿ. ಧಾರೆ ಬಹಳ ದಿನ ನಿಲ್ಲುತ್ತದೆ. ಕಬ್ಬಿಣದ ಈಳಿಗೆ, ಕುಡಗೋಲು ಎತ್ತಿ ಇಡುವಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿರಿ. ಜಂಗು ಹತ್ತುವುದಿಲ್ಲ.

ಕೈ ಕೊಯ್ದರೆ ಏನು ಮಾಡಬೇಕು? ಹರಿಯುವ ನೀರಲ್ಲಿ ಸಾಬೂನು ಹಾಕಿ ತೊಳೆಯಿರಿ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಸುಣ್ಣ, ತಂಬಾಕು, ಸಗಣಿ ಹಚ್ಚಬೇಡಿರಿ. ಗಾಯ ಆಳ ಇದ್ದರೆ, ರಕ್ತ ನಿಲ್ಲದಿದ್ದರೆ, ಗಾಯದಲ್ಲಿ ಮಣ್ಣು ಸೇರಿದ್ದರೆ ಆಸ್ಪತ್ರೆಗೆ ಹೋಗಿರಿ. ಧನುರ್ವಾಯು ಬಾರದಂತೆ ಚುಚ್ಚುಮದ್ದು ಕೇಳಿ ಹಾಕಿಸಿಕೊಳ್ಳಿರಿ. ಧನುರ್ವಾಯು ಜೀವ ತೆಗೆಯುವ ರೋಗ.

ಕೊನೆಯ ಮಾತು

ಬಳ್ಳಾರಿಯ ಹತ್ತಿರ ಸಂಗನಕಲ್ಲು ಅಂತ ಊರು ಅದ. ಅಲ್ಲಿನ ಗುಡ್ಡದಲ್ಲಿ ಸುಮಾರು 4 ಸಾವಿರ ವರ್ಷದ ಹಿಂದೆ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಕೊಡಲಿಗಳನ್ನು ಬಂಡೆಗೆ ತಿಕ್ಕಿ ತಿಕ್ಕಿ ಹರಿತ ಮಾಡುತ್ತಿದ್ದರು. ತಿಕ್ಕಿದ ಗುರುತುಗಳು ಬಂಡೆಯ ಮೇಲೆ ಇಂದಿಗೂ ಕಾಣುತ್ತವೆ. ಅಕ್ಷರ ಬರುವುದಕ್ಕೂ ಮೊದಲೇ ನಮ್ಮ ನಾಡಿನಲ್ಲಿ ಸಾಣೆ ಇತ್ತು. ಅಲ್ಲಿ ಗಂಡಸರು ಮಾತ್ರ ಕೂತಿದ್ದರು ಅಂತ ಆ ಬಂಡೆ ಹೇಳುವುದಿಲ್ಲ.

ಮಹಾನವಮಿಗೆ ನಾವು ಹತ್ಯಾರ ತೊಳೆದು, ಕುಂಕುಮ ಹಚ್ಚಿ, ಪೂಜೆ ಮಾಡುತ್ತೇವೆ. ಮಾಡೋಣ. ಅದರ ಹಿಂದಿನ ದಿನ ಸಾಣೆಯನ್ನೂ ಹಿಡಿಯೋಣ.

ಈಗ ಮನೆಗೆಲಸ ಹೇಳುತ್ತೇನೆ. ಬರೆದುಕೊಳ್ಳಿರಿ.

ಒಂದು. ಮನೆಯ ಎಲ್ಲಾ ಚಾಕು, ಈಳಿಗೆ, ಕುಡಗೋಲು ಎಣಿಸಿರಿ. ಹರಿತ ಎಷ್ಟು, ಮೊಂಡು ಎಷ್ಟು? ಬರೆಯಿರಿ.

ಎರಡು. ಒಂದು ವರ್ಷದಲ್ಲಿ ಸಾಣೆಗೆ ಎಷ್ಟು ದುಡ್ಡು ಕೊಟ್ಟಿರಿ? ಒಂದು ಕಲ್ಲಿನ ಬೆಲೆ ಎಷ್ಟು? ಅಂಗಡಿಯಲ್ಲಿ ಕೇಳಿ ಬರೆಯಿರಿ. ಯಾವುದು ಹೆಚ್ಚು?

ಮೂರು. ನಾಲ್ಕು ಮನೆ ಕೂಡಿ ಒಂದು ಕಲ್ಲು ಕೊಳ್ಳಬಹುದೇ? ಮಾತಾಡಿಕೊಂಡು ಬರ್ರಿ.

ನಾಲ್ಕು. ಈ ಪದಗಳನ್ನು ಎರಡೆರಡು ಸಲ ಬರೆಯಿರಿ: ಸಾಣೆ, ಅಲಗು, ಓರೆ, ಧಾರೆ, ಹರಿತ, ಮೊಂಡು.

ಕಲಿಸಿದ ಆ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮವ್ವ ಈ ವರ್ಷ ಊರಿನ ಕಲಿಕಾ ಕೇಂದ್ರಕ್ಕೆ ಹೋಗುತ್ತಿದ್ದಾಳೆ. ಹೋದ ತಿಂಗಳು ತನ್ನ ಹೆಸರು ಬರೆದು ತೋರಿಸಿದಳು. ಎಡಗೈಯಲ್ಲಿ ಪಾಟಿ ಹಿಡಿದಿದ್ದಳು. ಹೆಬ್ಬೆರಳ ಬುಡದಲ್ಲಿ ಆ ಗಾಯದ ಗೆರೆ ಇನ್ನೂ ಅದ.

ನಿಮ್ಮ ಕೈಗೆ ಅಂಥ ಗೆರೆ ಬೇಡ. ಕಲ್ಲು ನೆನೆದದ. ಮೊದಲು ಯಾರು ಬರ್ತೀರಿ?